ಒಲ್ಲೆನೆಂದ ರಾಜನ ಹಾದಿ

ಮೇ 17ರಂದು ಓಸ್ಲೊ ನಗರದ ಕಾರ್ಲ್ ಯೋಹಾನ್ ಬೀದಿಯಲ್ಲಿ ಮಕ್ಕಳದೇ ದರ್ಬಾರು. ನಾರ್ವೆಯ ಸಂವಿಧಾನ ಹುಟ್ಟಿದ ದಿನ ಅದು. ದೊಡ್ಡ ಹಬ್ಬದ ದಿನ ಒಂದು ದೇಶ ಬೀದಿಗೆ ಏನನ್ನು ತರುತ್ತದೆ ಅಂತ ನೋಡಿದರೆ ಅದರ ಸ್ವಭಾವ ಅರ್ಧ ತಿಳಿದ ಹಾಗೆ. ದೆಹಲಿಯಲ್ಲಿ ಟ್ಯಾಂಕು, ಕ್ಷಿಪಣಿ. ನಮ್ಮ ಮೈಸೂರಿನಲ್ಲಿ ಆನೆ, ಅಂಬಾರಿ. ಇಲ್ಲಿ ಶಾಲೆ ಶಾಲೆಯ ಬ್ಯಾನರ್ ಹಿಡಿದು, ತಮಗಿಂತ ದೊಡ್ಡ ತುತ್ತೂರಿಗಳನ್ನು ಊದುತ್ತ, ನಡುನಡುವೆ ಐಸ್‌ಕ್ರೀಮ್ ನೆಕ್ಕುತ್ತ ಸಾಗುವ ಸಾವಿರಾರು ಮಕ್ಕಳು. ಹೆಂಗಸರು ಕಸೂತಿಯ ಉಣ್ಣೆ ಲಂಗ ತೊಟ್ಟು, ಎದೆಗೆ ಬೆಳ್ಳಿಯ ಪದಕ ಸಿಕ್ಕಿಸಿಕೊಂಡು ನಿಂತಿದ್ದರು. ನನ್ನ ಪಕ್ಕದಲ್ಲಿ ಪಾಕಿಸ್ತಾನಿ ಮೂಲದ ಒಬ್ಬ ತಂದೆ ಹೆಗಲ ಮೇಲಿನ ಮಗಳ ಕೈಗೆ ಪುಟ್ಟ ಬಾವುಟ ಕೊಟ್ಟು, ಬಾಲ್ಕನಿಯತ್ತ ಬೆರಳು ತೋರಿಸುತ್ತಿದ್ದ.

ಬಾಲ್ಕನಿಯಲ್ಲಿ ರಾಜ ಹಾರಾಲ್ಡ್ ನಿಂತಿದ್ದರು. 1937ರಲ್ಲಿ ಹುಟ್ಟಿದವರು, 1991ರಿಂದ ಪಟ್ಟದಲ್ಲಿರುವವರು. ಮೆರವಣಿಗೆಯ ಒಂದೊಂದು ಶಾಲೆ ಎದುರು ಬಂದಾಗಲೂ ಕಪ್ಪು ಟೋಪಿ ತೆಗೆದು ತೋರಿಸಬೇಕು, ಮತ್ತೆ ಹಾಕಿಕೊಳ್ಳಬೇಕು. ಗಂಟೆಗಟ್ಟಲೆ ಇದೇ ಕೆಲಸ. ಆ ವಯಸ್ಸಿನಲ್ಲಿ ನನ್ನ ಕೈಲಾಗುವುದಲ್ಲ.

ಅರಮನೆಗೆ ಕಾಂಪೌಂಡ್ ಗೋಡೆಯಿಲ್ಲ. ಇದು ನನಗೆ ಬಹಳ ಹೊತ್ತು ನಂಬಿಕೆ ಬರದ ಸಂಗತಿ. 173 ಕೋಣೆಗಳ ಹಳದಿ ಕಟ್ಟಡ, ಸುತ್ತ ಉದ್ಯಾನ, ಉದ್ಯಾನಕ್ಕೆ ಯಾರು ಬೇಕಾದರೂ, ಯಾವಾಗ ಬೇಕಾದರೂ ಬರಬಹುದು. ಮಾರನೆಯ ದಿನ ಹೋಗಿ ನೋಡಿದರೆ ಅರಮನೆಯ ಕಿಟಕಿಯಿಂದ ಕೂಗಳತೆಯಲ್ಲಿ ಹುಡುಗರು ಹುಲ್ಲಿನ ಮೇಲೆ ಅಂಗಾತ ಮಲಗಿ ಬಿಸಿಲು ಕಾಯಿಸುತ್ತಿದ್ದರು. ಗರಿ ಸಿಕ್ಕಿಸಿದ ಟೋಪಿಯ ಕಾವಲುಗಾರನೊಬ್ಬ ಅವರ ಕಡೆ ತಿರುಗಿಯೂ ನೋಡಲಿಲ್ಲ. (ಈ ಕಾವಲು ಪಡೆಗೆ ಒಂದು ಪೆಂಗ್ವಿನ್ ಮೇಲಧಿಕಾರಿ ಉಂಟು! ಎಡಿನ್‌ಬರೊ ಮೃಗಾಲಯದ ನಿಲ್ಸ್ ಊಲಾವ್. 2023ರಲ್ಲಿ ಅದಕ್ಕೆ ಮೇಜರ್ ಜನರಲ್ ಪದವಿ ಕೊಟ್ಟರು. ರಾಜಮನೆತನವನ್ನು ಇಟ್ಟುಕೊಂಡ ದೇಶ ಅದನ್ನು ನೋಡಿ ತಾನೇ ನಗಬಲ್ಲದು ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.)

ನನ್ನನ್ನು ಇಲ್ಲಿಗೆ ಕರೆಸಿಕೊಂಡವಳು ತಂಗಿಯ ಮಗಳು. ಓಸ್ಲೊದಲ್ಲಿ ಸಾಫ್ಟ್‌ವೇರ್ ಕೆಲಸ. "ಮಾವ, ನೀವು ಅರಮನೆ ಊರಿನವರು, ನಿಮಗೆ ಇದೆಲ್ಲ ಹೊಸದಲ್ಲ ಬಿಡಿ" ಎಂದಳು. ಹೊಸದೇ. ನಮ್ಮ ಮನೆಯ ಪಡಸಾಲೆಯಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಪಟವೂ ಗಾಂಧಿಯ ಪಟವೂ ಒಂದೇ ಮೊಳೆಸಾಲಿನಲ್ಲಿ ಇದ್ದವು. ಮೈಸೂರಿನ ಎಷ್ಟೋ ಮನೆಗಳಲ್ಲಿ ಹಾಗೆಯೇ. 1881ರಲ್ಲೇ ಪ್ರಜಾಪ್ರತಿನಿಧಿ ಸಭೆ ಕಂಡ ಸಂಸ್ಥಾನ ಎಂಬ ಹೆಮ್ಮೆ ಒಂದು ಕಡೆ. ಜವಾಬ್ದಾರಿ ಸರ್ಕಾರ ಕೊಡಿ ಎಂದು 1947ರ ಸೆಪ್ಟೆಂಬರಿನಲ್ಲಿ 'ಮೈಸೂರು ಚಲೋ' ಎಂದು ಬೀದಿಗಿಳಿಯಬೇಕಾಯಿತು ಎಂಬ ನೆನಪು ಇನ್ನೊಂದು ಕಡೆ. ಒಳ್ಳೆಯ ಅರಸನನ್ನು ಮೆಚ್ಚುವುದು ಬೇರೆ, ಅರಸೊತ್ತಿಗೆಯನ್ನು ಒಪ್ಪುವುದು ಬೇರೆ ಎಂದೇ ನಾನು ಬೆಳೆದದ್ದು. ಹುಟ್ಟಿನಿಂದ ಬರುವ ಅಧಿಕಾರವನ್ನು ಈ ಕಾಲದಲ್ಲೂ, ಅದೂ ಇಷ್ಟು ಓದಿಕೊಂಡ, ಇಷ್ಟು ಸಮಾನತೆಯ ಮಾತಾಡುವ ಜನ ಏಕೆ ಇಟ್ಟುಕೊಂಡಿದ್ದಾರೆ? ಈ ಪ್ರಶ್ನೆಯನ್ನು ಊರಿನಿಂದಲೇ ಹೊತ್ತು ತಂದಿದ್ದೆ.

ನಾರ್ವೆಯ ಸಂವಿಧಾನ ಓದಿದರೆ ಗಾಬರಿಯಾಗುತ್ತದೆ. ಕಾರ್ಯಾಂಗದ ಅಧಿಕಾರವೆಲ್ಲ ರಾಜನದು ಎಂದು ಅದು ಇವತ್ತಿಗೂ ಹೇಳುತ್ತದೆ. ಪ್ರತಿ ಶುಕ್ರವಾರ ಬೆಳಗ್ಗೆ ಹನ್ನೊಂದಕ್ಕೆ ಮಂತ್ರಿಗಳು ಅರಮನೆಗೆ ಬರುತ್ತಾರೆ, ರಾಜ ಅಧ್ಯಕ್ಷತೆ ವಹಿಸುತ್ತಾರೆ, ಕಡತಗಳಿಗೆ ಸಹಿ ಬೀಳುತ್ತದೆ. ಆದರೆ ಮಂತ್ರಿಯ ಸಹಿ ಜೊತೆಗಿಲ್ಲದೆ ರಾಜನ ತೀರ್ಮಾನ ಊರ್ಜಿತವಲ್ಲ; ತಪ್ಪಾದರೆ ಹೊಣೆ ಮಂತ್ರಿಗಳದು, ರಾಜನದಲ್ಲ. 1884ರ ಹೊತ್ತಿಗೆ ಸಂಸತ್ತಿನ ಬಹುಮತವಿಲ್ಲದೆ ಮಂತ್ರಿಮಂಡಲ ನಿಲ್ಲದು ಎಂಬುದು ಇತ್ಯರ್ಥವಾಯಿತು. ನಮ್ಮ ದೇವಸ್ಥಾನಗಳಲ್ಲಿ ಮೂಲವಿಗ್ರಹ ಗರ್ಭಗುಡಿ ಬಿಟ್ಟು ಕದಲುವುದಿಲ್ಲ, ರಥದಲ್ಲಿ ಕೂತು ಬೀದಿ ಸುತ್ತುವುದು ಉತ್ಸವಮೂರ್ತಿ. ನಾರ್ವೆಯ ಗರ್ಭಗುಡಿಯಲ್ಲಿರುವುದು ಸ್ಟೂರ್ಟಿಂಗ್ ಎಂಬ ಸಂಸತ್ತು, ರಾಜ ಉತ್ಸವಮೂರ್ತಿ. ಜನ ಕೈಮುಗಿಯುವುದು ಕಣ್ಣಿಗೆ ಕಾಣುವುದಕ್ಕೆ, ವರ ಕೊಡುವುದು ಒಳಗಿರುವುದು.

ಇಲ್ಲಿನ ರಾಜಮನೆತನ ಹಳೆಯದೂ ಅಲ್ಲ, ದೇಶೀಯವೂ ಅಲ್ಲ. 1905ರಲ್ಲಿ ಸ್ವೀಡನ್ನಿನ ಜೊತೆಗಿನ ಒಕ್ಕೂಟ ಮುರಿದುಕೊಂಡಾಗ ನಾರ್ವೆಗೆ ರಾಜನೇ ಇರಲಿಲ್ಲ. ಕುಲೀನ ಪದವಿಗಳನ್ನು 1821ರಲ್ಲೇ ರದ್ದು ಮಾಡಲು ಹೊರಟ ದೇಶ. ಗಣರಾಜ್ಯವಾಗೋಣ ಎಂದವರಿಗೆ ಕೊರತೆಯಿರಲಿಲ್ಲ. ಆದರೆ ಸುತ್ತ ಎಲ್ಲ ರಾಜರುಗಳೇ ಇರುವ ಯೂರೋಪು ಹೊಸ ದೇಶವನ್ನು ಒಪ್ಪಬೇಕು, ಮುಖ್ಯವಾಗಿ ಬ್ರಿಟನ್ ಒಪ್ಪಬೇಕು. ಧ್ರುವಯಾತ್ರಿಕ ನಾನ್ಸೆನ್ ಸೇರಿ ಹಲವರು ರಾಜನೇ ಇರಲಿ ಎಂದರು. ಡೆನ್ಮಾರ್ಕಿನ ರಾಜಕುಮಾರ ಕಾರ್ಲ್‌ನನ್ನು ಆರಿಸಿದರು. ಆತನ ಹೆಂಡತಿ ಮೋಡ್ ಬ್ರಿಟನ್ನಿನ ದೊರೆ ಏಳನೇ ಎಡ್ವರ್ಡರ ಮಗಳು. ಲೆಕ್ಕ ಸ್ಪಷ್ಟ.

ಕರೆ ಬಂದಾಗ ಕಾರ್ಲ್ ಒಂದು ಷರತ್ತು ಹಾಕಿದ: ಮೊದಲು ಜನರನ್ನು ಕೇಳಿ. ಸಂಸತ್ತು ಕರೆದರೆ ಸಾಲದು, ಜನಕ್ಕೆ ನಾನು ಬೇಕೋ ಬೇಡವೋ ಗೊತ್ತಾಗಲಿ. ಆ ನವೆಂಬರ್ 12 ಮತ್ತು 13ರಂದು ಮತದಾನವಾಯಿತು. ಬೇಕು ಎಂದವರು 2,59,563. ಬೇಡ ಎಂದವರು 69,264. ಗಂಡಸರಿಗೆ ಮಾತ್ರ ಮತವಿದ್ದ ಕಾಲ ಎನ್ನುವುದನ್ನೂ ಹೇಳಿಬಿಡಬೇಕು. ಮೂವತ್ಮೂರರ ಕಾರ್ಲ್ ಏಳನೇ ಹೋಕನ್ ಎಂದು ಹೆಸರು ಬದಲಾಯಿಸಿಕೊಂಡು, ಎರಡು ವರ್ಷದ ಮಗನನ್ನು ಎತ್ತಿಕೊಂಡು ಬಂದಿಳಿದ. ಮಗು ಅಲೆಕ್ಸಾಂಡರ್ ಊಲಾವ್ ಆಯಿತು. ಕೊನೆಯವರೆಗೂ ರಾಜನ ನಾಲಿಗೆಯಿಂದ ಡ್ಯಾನಿಶ್ ಜಾಡು ಪೂರ್ತಿ ಹೋಗಲಿಲ್ಲವಂತೆ. ಮತ ಪಡೆದು ಬಂದ ರಾಜ ಎನ್ನುವುದು ತರ್ಕಕ್ಕೆ ಸಿಗದ ಪ್ರಾಣಿ. ಆದರೆ ಮುಂದೆ ಮೂವತ್ತೈದು ವರ್ಷದ ಮೇಲೆ ನಡೆದದ್ದಕ್ಕೆ ಬೇರು ಇಲ್ಲಿದೆ ಎನ್ನುವುದು ನನ್ನ ಎಣಿಕೆ.

ಆ ನಡೆದದ್ದರ ಹಾದಿಯಲ್ಲಿ ಒಮ್ಮೆ ಹೋಗಿಬರಬೇಕು ಅನ್ನಿಸಿತು. 'ಕೊಂಗೆನ್ಸ್ ನೈ' (ರಾಜನ 'ಇಲ್ಲ') ಎಂಬ 2016ರ ಸಿನಿಮಾ ತೋರಿಸಿ ಆಸೆ ಹುಟ್ಟಿಸಿದವಳೂ ಸೊಸೆಯೇ. ಒಂದು ಶನಿವಾರ ಬೆಳಗ್ಗೆ ಡಬ್ಬಿಯಲ್ಲಿ ಚಪಾತಿ, ಚಟ್ನಿಪುಡಿ ಕಟ್ಟಿಕೊಂಡು ಓಸ್ಲೊ ಸೆಂಟ್ರಲ್‌ನಲ್ಲಿ ಹಾಮಾರ್ ಕಡೆಯ ರೈಲು ಹತ್ತಿದೆವು.

1940ರ ಏಪ್ರಿಲ್ 9ರ ಬೆಳಗ್ಗೆ 7 ಗಂಟೆ 23 ನಿಮಿಷಕ್ಕೆ ಇದೇ ಊರಿನಿಂದ ಒಂದು ವಿಶೇಷ ರೈಲು ಹೊರಟಿತ್ತು. ಒಳಗೆ ರಾಜ, ಮಂತ್ರಿಗಳು, ಸಂಸತ್ ಸದಸ್ಯರು. ಜರ್ಮನ್ ಪಡೆ ಅಷ್ಟು ಹೊತ್ತಿಗೆ ಓಸ್ಲೊದಲ್ಲಿ ಇಳಿದು ಇವರನ್ನೆಲ್ಲ ಹಿಡಿದಿರಬೇಕಿತ್ತು. ಹಿಡಿಯಲಾಗದ್ದಕ್ಕೆ ಕಾರಣ ಓಸ್ಕರ್ಸ್‌ಬೋರ್ಗ್ ಎಂಬ ಹಳೇ ಕೋಟೆ, ಅದರ ಕರ್ನಲ್ ಬಿರ್ಗೆರ್ ಎರಿಕ್ಸನ್. ನಿವೃತ್ತಿಯ ಅಂಚಿನಲ್ಲಿದ್ದ ಈ ಮನುಷ್ಯ, ಮೇಲಿನ ಆದೇಶಕ್ಕೆ ಕಾಯದೆ, ಹಿಂದಿನ ಶತಮಾನದ ಕ್ರುಪ್ ಫಿರಂಗಿಗಳಿಂದ ಬ್ಲೂಷರ್ ಎಂಬ ಹೊಚ್ಚ ಹೊಸ ಯುದ್ಧನೌಕೆಗೆ ಹೊಡೆದ. ಟಾರ್ಪಿಡೊ ಉಳಿದ ಕೆಲಸ ಮುಗಿಸಿತು. ಜರ್ಮನ್ನರ ಹಡಗಿಗೆ ಮೊದಲ ಏಟು ಬಿದ್ದದ್ದು ಜರ್ಮನ್ನರೇ ಮಾಡಿ ಮಾರಿದ ಫಿರಂಗಿಯಿಂದ. ಅದು ಗಳಿಸಿಕೊಟ್ಟ ಕೆಲವೇ ಗಂಟೆಗಳಲ್ಲಿ ಒಂದು ಸರ್ಕಾರ ರೈಲು ಹತ್ತಿತು.

ದಾರಿಯಲ್ಲಿ ಐಡ್ಸ್‌ವೊಲ್ ಬಂತು, ಹೋಯಿತು. 1814ರ ವಸಂತದಲ್ಲಿ 112 ಮಂದಿ ಕೂತು ಸಂವಿಧಾನ ಬರೆದ ಮನೆ ಇರುವ ಊರು. ಅಲ್ಲಿಂದಾಚೆ ಎಡಗಡೆಗೆ ಮ್ಯೋಸಾ ಸರೋವರ ಶುರುವಾದರೆ ಹಾಮಾರ್‌ವರೆಗೆ ಬಿಡುವುದಿಲ್ಲ. ಮೇ ತಿಂಗಳ ಕೊನೆ. ಬರ್ಚ್ ಮರಗಳಲ್ಲಿ ಇಲಿಕಿವಿಯಷ್ಟು ಎಲೆ. ಹಾಮಾರ್‌ನಲ್ಲಿ ಇಳಿದು ಡೀಸೆಲ್ ರೈಲು ಹಿಡಿದು ಎಲ್ವೆರುಮ್ ತಲುಪಿದೆವು. ಅಂದು ಅವರೂ ಹೀಗೇ. ಹಾಮಾರ್‌ನಲ್ಲಿ ಸಂಸತ್ ಸಭೆ ಸೇರಿತು. ಜರ್ಮನ್ನರು ಬರುತ್ತಿದ್ದಾರೆ ಎಂಬ ಸುದ್ದಿ ಬಂದೊಡನೆ ಸಭೆಯನ್ನೇ ಎತ್ತಿಕೊಂಡು ಎಲ್ವೆರುಮ್‌ಗೆ ಓಡಿತು. ಅಲ್ಲಿ ಆ ರಾತ್ರಿ ಸರ್ಕಾರಕ್ಕೆ ಪೂರ್ಣ ಅಧಿಕಾರ ವಹಿಸಿತು, ದೇಶದ ಹೊರಗೆ ಹೋಗಿಯಾದರೂ ಆಡಳಿತ ನಡೆಸಲಿ ಅಂತ. ಅಷ್ಟರಲ್ಲಿ ಓಸ್ಲೊ ರೇಡಿಯೊದಲ್ಲಿ ವಿದ್‌ಕುನ್ ಕ್ವಿಸ್ಲಿಂಗ್ ಎಂಬಾತ ತಾನೇ ಪ್ರಧಾನಿ ಎಂದು ಘೋಷಿಸಿಕೊಂಡಿದ್ದ. ಅವನ ಪಕ್ಷಕ್ಕೆ ಸಂಸತ್ತಿನಲ್ಲಿ ಒಂದು ಸ್ಥಾನವೂ ಇರಲಿಲ್ಲ.

ಎಲ್ವೆರುಮ್ ಗ್ಲೊಮ್ಮಾ ನದಿಯ ದಡದ ಊರು. ಹಿಮ ಕರಗಿ ನದಿ ತುಂಬಿ, ಮಣ್ಣುಬಣ್ಣದಲ್ಲಿ ಹರಿಯುತ್ತಿತ್ತು. ಊರಿನ ನಡುಭಾಗದಲ್ಲಿ ಹಳೆಯ ಕಟ್ಟಡ ಹುಡುಕಿದರೂ ಸಿಗುವುದು ಕಷ್ಟ. ಅದರ ಕಾರಣ ಆಮೇಲೆ ಹೇಳುತ್ತೇನೆ. ಏಪ್ರಿಲ್ 10ರ ಮಧ್ಯಾಹ್ನ ಜರ್ಮನ್ ರಾಯಭಾರಿ ಕುರ್ಟ್ ಬ್ರಾಯರ್ ಇಲ್ಲಿಗೆ ಬಂದ. ಈ ನಾಡಿನಲ್ಲಿ ಪರೀಕ್ಷೆ ಇಲ್ಲದೆ ಯುವಕರಿಗೆ ಪಾಠ ಹೇಳುವ ಒಂದು ಬಗೆಯ ವಸತಿ ಶಾಲೆಗಳಿವೆ. ಅಂಥದೊಂದು ಶಾಲೆಯಲ್ಲಿ ಭೇಟಿ. ಈಗ ಅಲ್ಲಿ ಒಂದು ಸ್ಮಾರಕ ನಿಂತಿದೆ. ನಾವು ಹೋದಾಗ ಅದರ ಬುಡದಲ್ಲಿ ಹಬ್ಬದ ದಿನ ಇಟ್ಟ ಹೂವಿನ ಚಕ್ರ ಬಾಡಿ ಮಲಗಿತ್ತು.

ಬ್ರಾಯರ್ ರಾಜನ ಜೊತೆ ಒಬ್ಬನೇ ಮಾತಾಡಬೇಕು ಎಂದ. ರಾಜ, ವಿದೇಶಾಂಗ ಮಂತ್ರಿ ಹಾಲ್ವ್‌ದಾನ್ ಕೂತ್ ಜೊತೆಗಿರಬೇಕು ಎಂದರು. ಬ್ರಾಯರ್‌ನ ಬೇಡಿಕೆ ಸರಳವಾಗಿತ್ತು: ಕ್ವಿಸ್ಲಿಂಗ್‌ನನ್ನು ಪ್ರಧಾನಿಯಾಗಿ ನೇಮಿಸಿ, ಪ್ರತಿರೋಧ ನಿಲ್ಲಿಸಿ, ಡೆನ್ಮಾರ್ಕಿನಲ್ಲಿ ನಿಮ್ಮ ಅಣ್ಣ ಮಾಡಿದ ಹಾಗೆ. ಡೆನ್ಮಾರ್ಕಿನ ದೊರೆ ಹತ್ತನೇ ಕ್ರಿಸ್ಟಿಯನ್ ಹೋಕನ್‌ರ ಸ್ವಂತ ಅಣ್ಣ. ರಾಜ ಕೊಟ್ಟ ಉತ್ತರದಲ್ಲಿ ವೀರಾವೇಶ ಏನೂ ಇರಲಿಲ್ಲ. ಇಂಥದನ್ನು ನಾನೊಬ್ಬನೇ ತೀರ್ಮಾನಿಸಲು ಬರುವುದಿಲ್ಲ, ನನ್ನ ಮಂತ್ರಿಮಂಡಲವನ್ನು ಕೇಳಬೇಕು ಎಂದರು, ಅಷ್ಟೆ.

ನಾನು ಕಂದಾಯ ಇಲಾಖೆಯಲ್ಲಿ ಆಯುಷ್ಯ ಸವೆಸಿದವನು. ಸರಿಯಾದ ದಾರಿಯಲ್ಲಿ ಬಾರದ ಕಡತವನ್ನು ಸಂಜೆ ಮನೆಗೇ ತಂದು, "ಸಾಹೇಬ್ರೇ, ಇದೊಂದಕ್ಕೆ ಸಹಿ ಆಗ್ಬಿಡ್ಲಿ" ಎನ್ನುವವರನ್ನು ಬಲ್ಲೆ. ಅಂಥ ಹೊತ್ತಿನಲ್ಲಿ ಅಧಿಕಾರಿಯ ಕೈಯಲ್ಲಿ ಉಳಿಯುವ ಆಯುಧ ಒಂದೇ: ಇದಕ್ಕೆ ಟಿಪ್ಪಣಿ ಎಲ್ಲಿ, ಸಂಬಂಧಪಟ್ಟವರ ಷರಾ ಎಲ್ಲಿ? ಹೊರಗಿನವರಿಗೆ ಇದು ಗುಮಾಸ್ತಗಿರಿ ಎನಿಸುತ್ತದೆ. ಒಳಗಿನವರಿಗೆ ಗೊತ್ತು, ಕೆಲವೊಮ್ಮೆ ಇಡೀ ಊರಿನ ಜಮೀನು ಆ ಒಂದು ಪ್ರಶ್ನೆಯಿಂದ ಉಳಿದುಕೊಳ್ಳುತ್ತದೆ ಅಂತ. ಹಿಟ್ಲರನ ದೂತನಿಗೆ ಹೋಕನ್ ಕೇಳಿದ್ದು ಹೆಚ್ಚುಕಡಿಮೆ ಇದನ್ನೇ.

ಎಲ್ವೆರುಮ್‌ನಿಂದ ತ್ರೀಸಿಲ್ ಕಡೆಯ ಬಸ್ಸಿನಲ್ಲಿ ಕಾಡು ಹೊಕ್ಕೆವು. ಪೈನ್, ಬರ್ಚ್, ಮತ್ತೆ ಪೈನ್. ರಸ್ತೆಬದಿಗೆ ಕಡವೆಯಂಥ ದೊಡ್ಡ ಎಲ್ಕ್ ಮೃಗದ ಚಿತ್ರ ಬರೆದ ಎಚ್ಚರಿಕೆ ಫಲಕಗಳು. ನೆರಳಿನ ತಗ್ಗುಗಳಲ್ಲಿ ಇನ್ನೂ ಕೊಳೆಯಾದ ಹಿಮ. ಗಂಟೆಯ ಪ್ರಯಾಣದ ಮೇಲೆ ನೀಬರ್ಗ್‌ಸುಂದ್ ಸಿಕ್ಕಿತು. ನದಿ, ಸೇತುವೆ, ಹಂಚಿ ಹೋದ ಮರದ ಮನೆಗಳು. ನಾವಿಬ್ಬರು ಇಳಿದದ್ದನ್ನು ನೋಡಿ ಡ್ರೈವರನಿಗೇ ಆಶ್ಚರ್ಯ.

ಆ ಸಂಜೆ ಮಂತ್ರಿಮಂಡಲ ಇಲ್ಲಿ ಸೇರಿತ್ತು. ಪ್ರಧಾನಿ ಯೋಹಾನ್ ನೀಗೋರ್ಸ್‌ವೊಲ್ ಗರಗಸದ ಮಿಲ್ಲಿನಲ್ಲಿ ಕೂಲಿ ಮಾಡಿ ಮೇಲೆ ಬಂದ ಲೇಬರ್ ಪಕ್ಷದ ಮನುಷ್ಯ. ರಾಜ ಹೇಳಿದ್ದರ ತಿರುಳು ಇದು: ನಿರ್ಧಾರ ನಿಮ್ಮದು. ಜರ್ಮನ್ನರ ಷರತ್ತನ್ನು ಒಪ್ಪುವುದು ದೇಶಕ್ಕೆ ಒಳ್ಳೆಯದು ಎಂದು ನಿಮಗೆ ಕಂಡರೆ ಒಪ್ಪಿ, ನಾನು ಅಡ್ಡ ಬರುವುದಿಲ್ಲ. ಆದರೆ ಜನರ ವಿಶ್ವಾಸವೂ ಸಂಸತ್ತಿನ ವಿಶ್ವಾಸವೂ ಇಲ್ಲದ ಕ್ವಿಸ್ಲಿಂಗ್‌ನನ್ನು ನೇಮಿಸಲು ನನ್ನಿಂದಾಗದು. ಹಾಗಾದಲ್ಲಿ ನಾನೂ ನನ್ನ ಮನೆತನವೂ ಪಟ್ಟ ಬಿಟ್ಟು ಹೋಗುತ್ತೇವೆ. ಮಾತು ಮುಗಿಸುವಾಗ ಅರವತ್ತೇಳು ವರ್ಷದ ಆ ಎತ್ತರದ ಮನುಷ್ಯ ಅತ್ತುಬಿಟ್ಟರೆಂದು ಅಲ್ಲಿದ್ದವರು ದಾಖಲಿಸಿದ್ದಾರೆ. ಅಲ್ಲಿಯವರೆಗೆ ತೂಗುಯ್ಯಾಲೆಯಲ್ಲಿದ್ದ ಮಂತ್ರಿಗಳೆಲ್ಲ ಒಂದಾದರು. ವಾಪಸು ಹೊರಟ ಬ್ರಾಯರ್ ದಾರಿಯಲ್ಲಿ ನಿಂತು ದೂರವಾಣಿಯಲ್ಲಿ ಉತ್ತರ ಕೇಳಿದ. ಉತ್ತರ 'ಇಲ್ಲ'. ಅವನು ನಿಂತಿದ್ದ ಊರು ಐಡ್ಸ್‌ವೊಲ್!

ಮಾರನೆಯ ದಿನ ವಿಮಾನಗಳು ಬಂದವು. ಎಲ್ವೆರುಮ್‌ನ ನಡುಭಾಗ ಸುಟ್ಟು ಬೂದಿಯಾಯಿತು. ನೀಬರ್ಗ್‌ಸುಂದ್ ಮೇಲೂ ಬಾಂಬು ಬಿತ್ತು. ರಾಜ, ಯುವರಾಜ, ಮಂತ್ರಿಗಳು ಕಾಡಿಗೆ ಓಡಿ ಹಿಮದಲ್ಲಿ ಮರಗಳ ಬುಡಕ್ಕೆ ಒರಗಿ ಉಳಿದುಕೊಂಡರು. ಒಂದು 'ಇಲ್ಲ'ದ ಬೆಲೆಯನ್ನು ಮೊದಲು ತೆತ್ತವರು, ಯಾವತ್ತಿನಂತೆ, ಹಾದಿಬದಿಯ ಊರಿನವರು.

ಸ್ಮಾರಕಶಿಲೆಯ ಹತ್ತಿರದ ಬೆಂಚಿನಲ್ಲಿ ನಾಯಿಯೊಂದಿಗೆ ಕೂತಿದ್ದ ವೃದ್ಧೆಯೊಬ್ಬರು ನಮ್ಮ ಚಪಾತಿ ಡಬ್ಬಿಯನ್ನು ಕುತೂಹಲದಿಂದ ನೋಡಿ ಮಾತಿಗೆಳೆದರು. ಚಟ್ನಿಪುಡಿ ರುಚಿ ನೋಡಿ ಕಣ್ಣಲ್ಲಿ ನೀರು ತಂದುಕೊಂಡು ನಕ್ಕರು. ನೀವು ರಾಜನ ಪರವೋ ಎಂದು ಕೇಳಿದೆ. "ನಾನು ಗಣರಾಜ್ಯದವಳು. ಹುಟ್ಟಿದ ಮಾತ್ರಕ್ಕೆ ಯಾರೂ ಏನೂ ಆಗಬಾರದು. ಆದರೆ ಈಗಿರುವ ಈ ಮುದುಕನನ್ನು ಕಳಿಸಿಬಿಡಿ ಅಂತ ಹೇಳೋಕೆ ಬಾಯಿ ಬರೋದಿಲ್ಲ" ಎಂದರು. ಇದು ಅವರೊಬ್ಬರ ಗೊಂದಲವಲ್ಲ. ಸ್ಟೂರ್ಟಿಂಗ್‌ನಲ್ಲಿ ಗಣರಾಜ್ಯದ ಪ್ರಸ್ತಾವ ಮತ್ತೆ ಮತ್ತೆ ಮತಕ್ಕೆ ಬರುತ್ತದೆ. 2022ರಲ್ಲಿ 35 ಮತ ಪರ, 134 ವಿರುದ್ಧ. ರಾಜನನ್ನು ತೆಗೆಯಬೇಕೇ ಎಂದು ಆಗಾಗ ಕೈಯೆತ್ತಿ ನೋಡುವ ಸಂಸತ್ತು, ತೆಗೆಯದೆ ಉಳಿಸಿಕೊಳ್ಳುವ ಸಂಸತ್ತು. ಹೀಗೆ ಕೇಳಿಸಿಕೊಳ್ಳುತ್ತಲೇ ಉಳಿದಿರುವುದರಿಂದಲೋ ಏನೋ ಆ ಪಟ್ಟಕ್ಕೆ ಜಂಬ ಬಂದಿಲ್ಲ.

1940ರ ಬೇಸಿಗೆಯ ಕಥೆಯನ್ನು ಸಿನಿಮಾ ತೋರಿಸುವುದಿಲ್ಲ. ನನಗೆ ಏಪ್ರಿಲ್‌ಗಿಂತ ಅದೇ ಹೆಚ್ಚು ಕಾಡಿದ್ದು. ಜೂನ್ 7ರಂದು ರಾಜನೂ ಸರ್ಕಾರವೂ ತ್ರೋಮ್ಸೊದಿಂದ ಬ್ರಿಟಿಷ್ ನೌಕೆ ಹತ್ತಿ ಲಂಡನ್ನಿಗೆ ಹೋದರು. ಆಮೇಲೆ ಓಸ್ಲೊದಲ್ಲಿ ಉಳಿದಿದ್ದ ಸಂಸತ್ತಿನ ಅಧ್ಯಕ್ಷ ಮಂಡಲಿಯೇ, ಜರ್ಮನ್ನರ ಒತ್ತಡಕ್ಕೆ ಬಗ್ಗಿ, ದಯವಿಟ್ಟು ಪಟ್ಟ ಬಿಡಿ ಎಂದು ರಾಜನಿಗೆ ಬರೆಯಿತು. ಈಗ ಹೇಳಿ, ಸಂವಿಧಾನಕ್ಕೆ ಬದ್ಧನಾದ ರಾಜ ಏನು ಮಾಡಬೇಕು? ಜನ ಕರೆದರೆ ಬರುತ್ತೇನೆ ಎಂದವನು, ಜನರ ಪ್ರತಿನಿಧಿಗಳು ಹೋಗು ಎಂದರೆ ಹೋಗಬೇಡವೇ? ಜುಲೈ 3ರಂದು ಹೋಕನ್ ಒಲ್ಲೆ ಎಂದು ಉತ್ತರ ಬರೆದರು. ಕೋವಿಯ ನೆರಳಿನಲ್ಲಿ ತೆಗೆದುಕೊಂಡ ತೀರ್ಮಾನ ಸ್ವತಂತ್ರ ಸಂಸತ್ತಿನ ತೀರ್ಮಾನವಲ್ಲ ಎನ್ನುವುದು ಅವರ ವಾದ. ಬಿಬಿಸಿ ಅದನ್ನು ಪ್ರಸಾರ ಮಾಡಿತು. ನಾರ್ವೆಯ ಗೋಡೆಗಳ ಮೇಲೆ, ಹಿಮದ ಮೇಲೆ, ಎಚ್ ಅಕ್ಷರದೊಳಗೆ 7 ಸೇರಿಸಿದ ಗುರುತು ಕಾಣಿಸಿಕೊಳ್ಳತೊಡಗಿತು. ರಾಜನ ಎಪ್ಪತ್ತನೆಯ ಹುಟ್ಟುಹಬ್ಬಕ್ಕೆ ಅಂಗಿಯ ಗುಂಡಿಗೆ ಹೂ ಸಿಕ್ಕಿಸಿಕೊಂಡವರನ್ನು ಹಿಡಿದು ಒಳಗೆ ಹಾಕಿದರು. ಅಪ್ಪಣೆ ಕೊಡುವ ಅಧಿಕಾರ ಎಳ್ಳಷ್ಟೂ ಇಲ್ಲದ, ದೇಶದೊಳಗೇ ಇಲ್ಲದ ಒಬ್ಬ ಮುದುಕನ ಹೆಸರು ಆಳುವವರಿಗೆ ಅಷ್ಟು ಭಯ ಹುಟ್ಟಿಸಿತು.

ಹಾಗಂತ ಕಿರೀಟ ಇದ್ದರೆ ಸಾಕು, ದೇಶ ಉಳಿದೀತು ಎಂದುಕೊಂಡರೆ ಇಟಲಿಯ ಕಡೆ ನೋಡಬೇಕು. 1922ರ ಅಕ್ಟೋಬರ್ 28ರಂದು ಪ್ರಧಾನಿ ಫಾಕ್ತಾ, ಮುಸೊಲಿನಿಯ ಕರಿಯಂಗಿಗಳನ್ನು ತಡೆಯಲು ಸೇನಾಡಳಿತದ ಆದೇಶ ತಂದಿಟ್ಟರೆ, ರಾಜ ಮೂರನೇ ವಿಟ್ಟೋರಿಯೊ ಇಮಾನ್ಯುಯೆಲೆ ಸಹಿ ಹಾಕಲಿಲ್ಲ. ಬದಲಿಗೆ ಮುಸೊಲಿನಿಯನ್ನೇ ಕರೆದು ಪ್ರಧಾನಿ ಮಾಡಿದ. ಅದೂ ಒಂದು 'ಒಲ್ಲೆ'ಯೇ! ಇಟಲಿಯ ಜನ 1946ರಲ್ಲಿ ಮತ ಹಾಕಿ ರಾಜಮನೆತನವನ್ನು ಕಳಿಸಿದರು. ಬೆಲ್ಜಿಯಮ್ಮಿನ ಮೂರನೇ ಲಿಯೊಪೋಲ್ಡ್ 1940ರ ಮೇ 28ರಂದು ತನ್ನ ಸರ್ಕಾರದ ಮಾತು ಮೀರಿ ಶರಣಾದ. ಯುದ್ಧ ಮುಗಿದ ಮೇಲೆ ದೇಶ ಎರಡಾಗಿ ಒಡೆಯುವ ಹಂತಕ್ಕೆ ಹೋಗಿ, 1951ರಲ್ಲಿ ಮಗನಿಗೆ ಪಟ್ಟ ಬಿಟ್ಟುಕೊಟ್ಟ. ಆ ಮಗ ಬೋದ್ವೆನ್ 1990ರಲ್ಲಿ ಗರ್ಭಪಾತದ ಕಾನೂನಿಗೆ ಸಹಿ ಹಾಕಲು ಮನಸ್ಸಾಕ್ಷಿ ಒಪ್ಪದು ಎಂದಾಗ, ಮಂತ್ರಿಗಳು ರಾಜ ಆಳಲು ಅಶಕ್ತ ಎಂದು ಘೋಷಿಸಿ, ತಾವೇ ಸಹಿ ಹಾಕಿ, ಎರಡು ದಿನದೊಳಗೆ ಆತನನ್ನು ಮತ್ತೆ ಪಟ್ಟದಲ್ಲಿ ಕೂರಿಸಿದರು. ಇಷ್ಟು ಸಭ್ಯವಾಗಿ ರಾಜನನ್ನು ಪಕ್ಕಕ್ಕೆ ಸರಿಸಿದ್ದು ಇನ್ನೊಂದು ಸಿಗಲಿಕ್ಕಿಲ್ಲ.

ಹಾಗಾದರೆ ಹೋಕನ್‌ರ ಒಲ್ಲೆಗೂ ಇಮಾನ್ಯುಯೆಲೆಯ ಒಲ್ಲೆಗೂ ಏನು ವ್ಯತ್ಯಾಸ? ಒಬ್ಬ ಚುನಾಯಿತ ಮಂತ್ರಿಗಳನ್ನು ಮೀರಿ ಒಲ್ಲೆ ಎಂದ, ಪಟ್ಟ ಉಳಿಸಿಕೊಳ್ಳಲು. ಇನ್ನೊಬ್ಬ ಮಂತ್ರಿಗಳ ಕೈಗೇ ತೀರ್ಮಾನ ಬಿಟ್ಟು ಒಲ್ಲೆ ಎಂದ, ಪಟ್ಟವನ್ನೇ ಪಣಕ್ಕಿಟ್ಟು. ಸಂವಿಧಾನಬದ್ಧ ಅರಸೊತ್ತಿಗೆಗೆ ಏನಾದರೂ ಬೆಲೆಯಿದ್ದರೆ ಅದು ಇಲ್ಲಿದೆ ಅಂತ ನನಗನ್ನಿಸುವುದು. ಪ್ರವಾಸೋದ್ಯಮ, ಪರಂಪರೆ, ಪತ್ರಿಕೆಗಳ ಮುಖಪುಟ ಇವೆಲ್ಲ ಇದ್ದದ್ದೇ. ದೇಶದ ಅತಿ ಎತ್ತರದ ಕುರ್ಚಿಯಲ್ಲಿ ಯಾವ ಪಕ್ಷದವನೂ ಕೂರಲಾಗದಂತೆ ಒಬ್ಬನನ್ನು ಕೂರಿಸಿಟ್ಟಿರುವುದು, ಮತ್ತು ಕೂತವನಿಗೆ ಆ ಕುರ್ಚಿ ತನ್ನದಲ್ಲ ಎಂದು ಗೊತ್ತಿರುವುದು. ಮೊದಲನೆಯದನ್ನು ಕಾನೂನು ಮಾಡಿಕೊಡುತ್ತದೆ. ಎರಡನೆಯದು ರಕ್ತದಲ್ಲಿ ಬರುವುದಿಲ್ಲ.

ಬಸ್ಸಿಗೆ ಕಾಯುವಾಗ ನಮ್ಮ ದೇಶವೇ ತಲೆಯಲ್ಲಿ ತಿರುಗುತ್ತಿತ್ತು. ರಾಷ್ಟ್ರಪತಿಗೆ ಇಂಗ್ಲೆಂಡಿನ ರಾಜನ ಸ್ಥಾನವೇ ಇರುತ್ತದೆ ಎಂದು ಅಂಬೇಡ್ಕರರು 1948ರ ನವೆಂಬರಿನಲ್ಲಿ ಸಂವಿಧಾನ ಸಭೆಗೆ ವಿವರಿಸಿದ್ದರು. ಆ ಸಭೆಗೆ ಸಲಹೆಗಾರರಾಗಿದ್ದವರು ನಮ್ಮ ಕರಾವಳಿಯ ಬೆನಗಲ್ ನರಸಿಂಗ ರಾಯರು. ಐದು ವರ್ಷಕ್ಕೊಮ್ಮೆ ಆರಿಸುವ ರಾಜ ಎಂದು ಬೇಕಾದರೆ ಹೇಳಬಹುದು. 1975ರ ಜೂನ್ 25ರ ರಾತ್ರಿ ತುರ್ತು ಪರಿಸ್ಥಿತಿಯ ಘೋಷಣೆ ಫಕ್ರುದ್ದೀನ್ ಅಲಿ ಅಹಮದರ ಮುಂದೆ ಬಂದಾಗ ಮಂತ್ರಿಮಂಡಲ ಸೇರಿಯೇ ಇರಲಿಲ್ಲ. ಅದು ಸೇರಿದ್ದು ಮರುದಿನ ಬೆಳಗ್ಗೆ, ಸಹಿ ಬಿದ್ದಾದ ಮೇಲೆ. ಮಂತ್ರಿಮಂಡಲದ ನಿರ್ಣಯ ಎಲ್ಲಿ ಎಂಬ ಒಂದು ಪ್ರಶ್ನೆ, ಎಲ್ವೆರುಮ್‌ನ ಶಾಲೆಯಲ್ಲಿ ಕೇಳಿದಂಥದು, ಆ ರಾತ್ರಿ ಕೇಳಬಹುದಿತ್ತು. ಕೇಳಿದ್ದರೆ ಎಲ್ಲ ನಿಲ್ಲುತ್ತಿತ್ತು ಎಂದಲ್ಲ. 1978ರ 44ನೇ ತಿದ್ದುಪಡಿ ಈಗ ಆ ನಿರ್ಣಯ ಬರಹದಲ್ಲಿ ಬರಲೇಬೇಕು ಎನ್ನುತ್ತದೆ. ಮನುಷ್ಯ ಕೇಳದ್ದನ್ನು ಕಾನೂನಿನಲ್ಲಿ ಬರೆದಿಟ್ಟುಕೊಂಡೆವು. ನನಗೆ ರಾಜ ಬೇಕಿಲ್ಲ. ಆ ಪ್ರಶ್ನೆ ಕೇಳುವವರು ಬೇಕು. ನಾರ್ವೆಯವರಿಗೆ ಅಂಥವನು ರಾಜನ ವೇಷದಲ್ಲಿ ಸಿಕ್ಕಿದ, ಅದು ಅವರ ಅದೃಷ್ಟ. ಅದೃಷ್ಟವನ್ನು ವಂಶಪಾರಂಪರ್ಯ ಮಾಡಿಕೊಳ್ಳುವುದು ಜಾಣತನವೇ ಎಂಬಲ್ಲಿ ಮಾತ್ರ ನಾನು ಆ ಬೆಂಚಿನ ಅಜ್ಜಿಯ ಪಕ್ಷ.

ಅವರಿಗೆ ಸಿಕ್ಕ ಅದೃಷ್ಟ ಈವರೆಗೆ ಕೈಕೊಟ್ಟಿಲ್ಲ ಎನ್ನುವುದೂ ನಿಜ. ಹೋಕನ್‌ರ ಮಗ ಊಲಾವ್ 1973ರ ತೈಲ ಬಿಕ್ಕಟ್ಟಿನಲ್ಲಿ, ವಾರಾಂತ್ಯ ಕಾರು ಓಡಿಸಬಾರದೆಂದು ನಿಷೇಧವಿದ್ದಾಗ, ಸ್ಕೀ ಹಿಡಿದು ಜನರ ಜೊತೆ ಟ್ರಾಮ್ ಹತ್ತಿ ಟಿಕೆಟ್ಟಿಗೆ ಕಾಸು ಚಾಚಿದರು. ಆ ಫೋಟೊವನ್ನು ಇಲ್ಲಿ ನೋಡದವರಿಲ್ಲ. ಮೊಮ್ಮಗ ಹಾರಾಲ್ಡ್ ಬಟ್ಟೆ ವ್ಯಾಪಾರಿಯ ಮಗಳು ಸೋನಿಯಾರನ್ನು ಮದುವೆಯಾಗಲು ಒಂಬತ್ತು ವರ್ಷ ಕಾದರು. ಮರಿಮಗಳು ಮಾರ್ತಾ ಲೂಯಿಸ್ 2022ರಲ್ಲಿ ಅರಮನೆಯ ಅಧಿಕೃತ ಕೆಲಸಗಳಿಂದ ದೂರ ಸರಿದಳು. ಆಕೆಯ ವಿವಾದಗಳ ಬಗ್ಗೆ ಓಸ್ಲೊದ ಪತ್ರಿಕೆಗಳಲ್ಲಿ ಓದಲು ಬೇಕಾದಷ್ಟಿದೆ, ನನಗೆ ಆಸಕ್ತಿಯಿಲ್ಲ. 2016ರ ಸೆಪ್ಟೆಂಬರಿನಲ್ಲಿ ಅರಮನೆಯ ತೋಟದಲ್ಲಿ ಹಾರಾಲ್ಡ್ ಮಾಡಿದ ಭಾಷಣದ ಮಾತು ಬೇರೆ. ಅಫ್ಘಾನಿಸ್ತಾನ, ಪಾಕಿಸ್ತಾನ, ಪೋಲೆಂಡ್‌ಗಳಿಂದ ಬಂದವರೂ ನಾರ್ವೆಯವರೇ ಎಂದು ಹೇಳುತ್ತ, ನನ್ನ ಅಜ್ಜ ಅಜ್ಜಿಯೂ 110 ವರ್ಷದ ಹಿಂದೆ ಡೆನ್ಮಾರ್ಕ್, ಇಂಗ್ಲೆಂಡುಗಳಿಂದ ವಲಸೆ ಬಂದವರೇ ಎಂದು ಸೇರಿಸಿದರು. ಮತ ಬೇಡಬೇಕಾದ ಯಾವ ರಾಜಕಾರಣಿಯೂ ಅದನ್ನು ಅಷ್ಟು ನಿರಾಳವಾಗಿ ಹೇಳಲಾರ.

ವಾಪಸು ಬರುವ ರೈಲಿನಲ್ಲಿ ಸೊಸೆ ಬಹಳ ಹೊತ್ತು ಮೊಬೈಲಿನಲ್ಲಿ ಏನೋ ಓದುತ್ತಿದ್ದಳು. ನಾರ್ವೆಯ ಪೌರತ್ವಕ್ಕೆ ಅರ್ಜಿ ಹಾಕುವ ಯೋಚನೆ ಅವಳಿಗೆ. ಹಾಕಿದರೆ ಭಾರತದ ಪಾಸ್‌ಪೋರ್ಟ್ ಬಿಡಬೇಕು. ತಂಗಿಗೆ ಇನ್ನೂ ಹೇಳಿಲ್ಲ. ನನ್ನ ಬಾಯಿಂದ ಹೇಳಿಸುವ ಹುನ್ನಾರವೂ ಈ ಪ್ರವಾಸದ ಹಿಂದೆ ಇದ್ದಿರಬೇಕು.

"ಮಾವ, ಇಲ್ಲಿ ಪೌರತ್ವ ಸಮಾರಂಭದಲ್ಲಿ ಒಂದು ಪ್ರತಿಜ್ಞೆ ಇರುತ್ತೆ. ಓದ್ತೀನಿ, ಕೇಳಿ" ಎಂದು ಒಂದೊಂದೇ ಮಾತನ್ನು ಕನ್ನಡಿಸಿ ಹೇಳಿದಳು. ನಾರ್ವೆ ದೇಶಕ್ಕೂ ಅದರ ಸಮಾಜಕ್ಕೂ ನಿಷ್ಠೆ. ಪ್ರಜಾಪ್ರಭುತ್ವಕ್ಕೂ ಮಾನವ ಹಕ್ಕುಗಳಿಗೂ ಬೆಂಬಲ. ಕಾನೂನಿಗೆ ಗೌರವ. ಅಷ್ಟೇ.

"ರಾಜ ಎಲ್ಲಿ?" ಎಂದೆ.

"ಇಲ್ವೇ ಇಲ್ಲ. ಲಂಡನ್ನಿನಲ್ಲಿರೋ ನನ್ನ ಗೆಳತಿ ರಾಜನಿಗೂ ಅವನ ವಾರಸುದಾರರಿಗೂ ನಿಷ್ಠೆ ಅಂತ ಹೇಳಬೇಕಾಯ್ತು. ಇವರು ಅವನ ಹೆಸರೇ ಎತ್ತಲ್ಲ."

"ಹಾಗಾದರೆ ನಿಮ್ಮಮ್ಮನಿಗೆ ಅದನ್ನೇ ಮೊದಲು ಹೇಳು" ಎಂದೆ.

"ನೀವು ಹೇಳಿ, ಮಾವ. ನೀವು ಹೇಳಿದ್ರೆ ಕೇಳ್ತಾಳೆ."

ಕೇಳುವುದಿಲ್ಲ ಎಂದು ನನಗೆ ಗೊತ್ತು. ಆದರೂ ಊರಿಗೆ ಫೋನ್ ಹಚ್ಚಲು ಅಲ್ಲಿ ಎಷ್ಟು ಗಂಟೆಯಾಗಿರಬಹುದೆಂದು ಲೆಕ್ಕ ಹಾಕತೊಡಗಿದೆ.